ಕರಿಕಲ್ಲು ದಿಮ್ಮಿಗಳ ಲಾರಿ ಸಾಗಣೆ

ಕರಿಕಲ್ಲು ದಿಮ್ಮಿಗಳ ಲಾರಿ ಸಾಗಣೆ ಎಂದರೆ ಗಣಿಯಲ್ಲಿ ಚೌಕಾಕಾರವಾಗಿ ಸೀಳಿ ತೆಗೆದ ಅಲಂಕಾರಿಕ ಶಿಲೆಯ ದೊಡ್ಡ ದಿಮ್ಮಿಗಳನ್ನು ಲಾರಿಯ ಅಥವಾ ಟ್ರೈಲರ್‌ನ ಚಪ್ಪಟೆ ಹಾಸಿನ ಮೇಲೆ ಬಿಗಿದು ಕಾರ್ಖಾನೆಗೋ ಬಂದರಿಗೋ ಒಯ್ಯುವ ಕಾರ್ಯ. ಕರ್ನಾಟಕದ ಚಾಮರಾಜನಗರ ಜಿಲ್ಲೆಯಲ್ಲಿ ಇದು ದಿನನಿತ್ಯದ ದೃಶ್ಯವಾಗಿದೆ. ಹೊರೆ ಕಡಿಮೆ ಗಾತ್ರದ್ದಾಗಿದ್ದರೂ ಅದರ ತೂಕ ಬಹಳ ಹೆಚ್ಚಿರುವುದರಿಂದ, ಅದನ್ನು ಬಿಗಿಯುವ ವಿಧಾನವು ಚಾಲಕ, ಕ್ಲೀನರ್ ಹಾಗೂ ದಾರಿಹೋಕರ ಪ್ರಾಣದೊಂದಿಗೆ ನೇರ ಸಂಬಂಧ ಹೊಂದಿದೆ. ಈ ಲೇಖನವು ಹೊರೆ ಬಿಗಿಯುವ ತತ್ತ್ವಗಳನ್ನು, ಹನೂರು ತಾಲ್ಲೂಕಿನ ರಾಮಾಪುರದ ಸುತ್ತಲಿನ ಘಟ್ಟದ ಹಾದಿಗಳನ್ನು ಹಾಗೂ ಚಾಲಕರ ಸುರಕ್ಷತೆಗೆ ಸಂಬಂಧಿಸಿದ ಕಾನೂನುಗಳನ್ನು ವಿವರಿಸುತ್ತದೆ.

ಹಿನ್ನೆಲೆ

ಚಾಮರಾಜನಗರ ಜಿಲ್ಲೆಯ ಕರಿಕಲ್ಲು ಅಂತರರಾಷ್ಟ್ರೀಯ ಮಾರುಕಟ್ಟೆಯಲ್ಲಿ ‘ಚಾಮರಾಜನಗರ ಬ್ಲ್ಯಾಕ್’ ಎಂಬ ವ್ಯಾಪಾರಿ ಹೆಸರಿನಿಂದ ಪರಿಚಿತವಾಗಿದೆ. ವ್ಯಾಪಾರದಲ್ಲಿ ಇದನ್ನು ಗ್ರಾನೈಟ್ ಎಂದು ಕರೆದರೂ ಭೂವಿಜ್ಞಾನದ ದೃಷ್ಟಿಯಿಂದ ಇದು ಡಾಲರೈಟ್ ಎಂಬ ಅಗ್ನಿಶಿಲೆ. ಹಳೆಯ ಬಂಡೆಗಳ ಬಿರುಕುಗಳೊಳಗೆ ಶಿಲಾರಸ ನುಗ್ಗಿ, ತಣಿದು, ಗೋಡೆಯಂತೆ ನಿಂತ ಪಟ್ಟಿಗಳಲ್ಲಿ ಇದು ದೊರೆಯುತ್ತದೆ. ಕಣಗಳು ಸಣ್ಣವಾಗಿರುವುದರಿಂದ ಕನ್ನಡಿಯಂತೆ ಹೊಳಪು ಕೊಡಬಹುದು. ಸಮಾಧಿಶಿಲೆ, ನೆಲಹಾಸು ಹಾಗೂ ವಿಗ್ರಹಗಳಿಗೆ ಇದು ಬಳಕೆಯಾಗುತ್ತದೆ.

ಗಣಿಯಿಂದ ಹೊರಟ ದಿಮ್ಮಿಗಳು ಬೆಂಗಳೂರಿನ ಬಳಿಯ ಜಿಗಣಿ, ತಮಿಳುನಾಡಿನ ಹೊಸೂರು ಮತ್ತು ಕೃಷ್ಣಗಿರಿ ಭಾಗದ ಕಾರ್ಖಾನೆಗಳಿಗೆ ಹೋಗುತ್ತವೆ. ಹೊರದೇಶಕ್ಕೆ ಸಾಗಿಸುವ ದಿಮ್ಮಿಗಳು ಚೆನ್ನೈ ಮೊದಲಾದ ಬಂದರುಗಳನ್ನು ಸೇರುತ್ತವೆ. ಜಿಲ್ಲೆಯ ಹೆಚ್ಚಿನ ಗಣಿಗಳಿಗೆ ಹತ್ತಿರದಲ್ಲಿ ರೈಲು ಸೌಲಭ್ಯವಿಲ್ಲ. ಕೊಳ್ಳೇಗಾಲ, ಹನೂರು, ಯಳಂದೂರು ಪಟ್ಟಣಗಳಿಗೆ ಇಂದಿಗೂ ರೈಲು ಬಂದಿಲ್ಲ. ಆದ್ದರಿಂದ ಸಾಗಣೆಯ ಪೂರ್ಣ ಭಾರ ರಸ್ತೆಯ ಮೇಲೆಯೇ ಬೀಳುತ್ತದೆ.

ದಿಮ್ಮಿಯ ತೂಕ

ಸಾಧಾರಣ ಗ್ರಾನೈಟ್‌ನ ಸಾಂದ್ರತೆ ಘನ ಮೀಟರಿಗೆ ಸುಮಾರು 2.6ರಿಂದ 2.7 ಟನ್. ಕರಿಕಲ್ಲು ಇದಕ್ಕಿಂತ ಭಾರ, ಸುಮಾರು 3 ಟನ್. 2.8 ಮೀಟರ್ ಉದ್ದ, 1.6 ಮೀಟರ್ ಅಗಲ ಹಾಗೂ 1.5 ಮೀಟರ್ ಎತ್ತರದ ಒಂದು ದಿಮ್ಮಿಯ ಗಾತ್ರ 6.7 ಘನ ಮೀಟರ್ ಆಗುತ್ತದೆ. ತೂಕ 20 ಟನ್. ನೋಡುವವರಿಗೆ ಲಾರಿಯ ಹಾಸಿನಲ್ಲಿ ಅರ್ಧಕ್ಕಿಂತ ಹೆಚ್ಚು ಜಾಗ ಖಾಲಿ ಇರುವಂತೆ ಕಾಣುತ್ತದೆ. ಈ ಖಾಲಿ ಜಾಗವೇ ಅಪಾಯದ ಮೊದಲ ಕಾರಣ. ಹತ್ತಿಯ ಮೂಟೆಯನ್ನೋ ಹುಲ್ಲನ್ನೋ ತುಂಬಿದ ಲಾರಿಯಲ್ಲಿ ಹೊರೆಯು ನಾಲ್ಕೂ ಬದಿಯ ಹಲಗೆಗಳಿಗೆ ತಾಗಿಕೊಂಡಿರುತ್ತದೆ. ಕಲ್ಲಿನ ದಿಮ್ಮಿ ಮಾತ್ರ ನಡುವೆ ಒಂಟಿಯಾಗಿ ಕುಳಿತಿರುತ್ತದೆ. ಜಾರಿದರೆ ವೇಗ ಪಡೆದುಕೊಳ್ಳಲು ಅದಕ್ಕೆ ಬೇಕಾದಷ್ಟು ಅಂತರವಿರುತ್ತದೆ.

ದಿಮ್ಮಿಯನ್ನು ಹಾಸಿನ ಯಾವ ಭಾಗದಲ್ಲಿ ಇರಿಸಬೇಕು ಎಂಬುದು ಆಕ್ಸಲ್‌ಗಳ ಮೇಲೆ ಬೀಳುವ ಭಾರದಿಂದ ತೀರ್ಮಾನವಾಗುತ್ತದೆ. ತೀರಾ ಹಿಂದಕ್ಕಿಟ್ಟರೆ ಮುಂದಿನ ಚಕ್ರಗಳ ಮೇಲಿನ ಭಾರ ಕಡಿಮೆಯಾಗಿ, ಏರಿನಲ್ಲಿ ಸ್ಟೀರಿಂಗ್ ಹಿಡಿತ ತಪ್ಪುತ್ತದೆ. ಮುಂದಕ್ಕೆ ತಂದರೆ ಮುಂದಿನ ಆಕ್ಸಲ್ ಮೇಲೆ ಮಿತಿಮೀರಿದ ಭಾರ ಬೀಳುತ್ತದೆ. ಹೀಗಾಗಿ ದಿಮ್ಮಿಯನ್ನು ಕ್ಯಾಬಿನ್ನಿನ ಹಿಂಗೋಡೆಗೆ ಒತ್ತಿ ಇಡುವುದು ಸಾಮಾನ್ಯವಾಗಿ ಸಾಧ್ಯವಾಗುವುದಿಲ್ಲ. ಹಿಂಗೋಡೆಗೂ ದಿಮ್ಮಿಗೂ ನಡುವೆ ಉಳಿಯುವ ಅಂತರವನ್ನು ಮರದ ತೊಲೆಗಳಿಂದ ತುಂಬುವುದು ಅಥವಾ ಹಾಸಿಗೆ ಉಕ್ಕಿನ ತಡೆಗಳನ್ನು ಬೆಸುಗೆ ಹಾಕುವುದು ಸರಿಯಾದ ಕ್ರಮ.

ಹೊರೆಯ ಮೇಲೆ ವರ್ತಿಸುವ ಬಲಗಳು

ಲಾರಿ ನಿಂತರೂ ಹೊರೆ ನಿಲ್ಲುವುದಿಲ್ಲ. ಬ್ರೇಕ್ ಹಾಕಿದಾಗ ಚಕ್ರಗಳು ಲಾರಿಯನ್ನು ತಡೆಯುತ್ತವೆ. ಹೊರೆಯನ್ನು ತಡೆಯುವ ಬಲ ಅದರ ತಳದ ಘರ್ಷಣೆಯಿಂದ, ಬಿಗಿದ ಸರಪಳಿಯಿಂದ ಅಥವಾ ಮುಂದಿರುವ ತಡೆಯಿಂದ ಬರಬೇಕು. ಇವು ಸಾಲದೆ ಹೋದರೆ ದಿಮ್ಮಿ ತನ್ನ ಹಿಂದಿನ ವೇಗದಲ್ಲೇ ಮುಂದಕ್ಕೆ ಹೋಗುತ್ತದೆ. ಮುಂದೆ ಇರುವುದು ಚಾಲಕನ ಕ್ಯಾಬಿನ್.

ಯುರೋಪಿನ ಇಎನ್ 12195-1 ಮಾನಕ ಹಾಗೂ ಅಮೆರಿಕದ ಒಕ್ಕೂಟ ಸರ್ಕಾರದ ಸಾಗಣೆ ನಿಯಮಗಳು ಈ ಬಲವನ್ನು ಸರಿಸುಮಾರು ಒಂದೇ ರೀತಿಯಲ್ಲಿ ಲೆಕ್ಕ ಹಾಕುತ್ತವೆ. ಹೊರೆಯು ಮುಂದಕ್ಕೆ ತನ್ನ ತೂಕದ ಶೇ. 80ರಷ್ಟು ಬಲದಿಂದಲೂ ಹಿಂದಕ್ಕೆ ಮತ್ತು ಪಕ್ಕಕ್ಕೆ ಶೇ. 50ರಷ್ಟು ಬಲದಿಂದಲೂ ತಳ್ಳಲ್ಪಡುತ್ತದೆ ಎಂದು ಭಾವಿಸಿ ಬಿಗಿತವನ್ನು ಯೋಜಿಸಬೇಕು. 20 ಟನ್ನಿನ ದಿಮ್ಮಿಗೆ ಇದು ಮುಂದಕ್ಕೆ 16 ಟನ್ ಬಲವಾಗುತ್ತದೆ.

ಕಲ್ಲಿಗೂ ಅದರಡಿಯ ಮರದ ಅಡಿಗಟ್ಟಿಗೂ ನಡುವಿನ ಘರ್ಷಣಾಂಕ 0.4 ಎಂದಿಟ್ಟುಕೊಂಡರೆ, ಘರ್ಷಣೆಯಿಂದ ದೊರೆಯುವ ತಡೆ 8 ಟನ್. ಉಳಿದ 8 ಟನ್ ಬಲವನ್ನು ಬೇರೆ ಉಪಾಯದಿಂದ ಎದುರಿಸಬೇಕು. ದಿಮ್ಮಿಯ ಮೇಲಿನಿಂದ ಪಟ್ಟಿಯನ್ನು ಹಾಯಿಸಿ ಎರಡೂ ಬದಿಗೆ ಕಟ್ಟುವುದು ಅನೇಕರು ಅನುಸರಿಸುವ ಉಪಾಯ. ಆದರೆ ಮೇಲಿನಿಂದ ಹಾಯಿಸಿದ ಪಟ್ಟಿ ಕಲ್ಲನ್ನು ಹಿಂದಕ್ಕೆ ಎಳೆಯುವುದಿಲ್ಲ. ಕೆಳಕ್ಕೆ ಒತ್ತಿ ಘರ್ಷಣೆಯನ್ನು ಹೆಚ್ಚಿಸುತ್ತದೆ, ಅಷ್ಟೇ. ಕೈಯಿಂದ ಬಿಗಿಯುವ ಸಾಧಾರಣ ರ‍್ಯಾಚೆಟ್ ಪಟ್ಟಿಯ ಬಿಗಿತ ಅರ್ಧ ಟನ್ ಎಂದುಕೊಂಡರೆ, ಎರಡು ಬದಿಯೂ ಸೇರಿ ಅದು ಕೆಳಕ್ಕೆ ಒತ್ತುವುದು ಹೆಚ್ಚೆಂದರೆ 1 ಟನ್. ಅದರಿಂದ ದೊರೆಯುವ ಹೆಚ್ಚುವರಿ ಘರ್ಷಣೆ 0.4 ಟನ್. 8 ಟನ್ ತಡೆ ಪಡೆಯಲು ಇಂತಹ 20 ಪಟ್ಟಿಗಳು ಬೇಕು. ಎರಡು ಪಟ್ಟಿ ಅಥವಾ ಒಂದು ನೈಲಾನ್ ಹಗ್ಗ ಹಾಯಿಸಿ ‘ಕಟ್ಟಿದ್ದೇವೆ’ ಎನ್ನುವುದರಲ್ಲಿ ಎಷ್ಟು ಅರ್ಥವಿದೆ ಎಂಬುದನ್ನು ಈ ಲೆಕ್ಕದಿಂದಲೇ ಅರಿಯಬಹುದು.

ಅಡಿಯಲ್ಲಿ ರಬ್ಬರ್ ಹಾಸು ಹಾಕಿದರೆ ಚಿತ್ರ ಬದಲಾಗುತ್ತದೆ. ಜಾರುನಿರೋಧಕ ರಬ್ಬರ್ ಹಾಸಿಗೆ ಯುರೋಪಿನ ಮಾನಕ 0.6ರ ಘರ್ಷಣಾಂಕವನ್ನು ಒಪ್ಪುತ್ತದೆ. ಆಗ ಘರ್ಷಣೆಯೊಂದರಿಂದಲೇ 12 ಟನ್ ತಡೆ ಸಿಗುತ್ತದೆ; ಉಳಿಯುವುದು 4 ಟನ್. ಕೆಲವೇ ನೂರು ರೂಪಾಯಿ ಬೆಲೆಯ ರಬ್ಬರ್ ತುಂಡುಗಳು ಹತ್ತು ಪಟ್ಟಿಗಳಿಗಿಂತ ಹೆಚ್ಚು ಕೆಲಸ ಮಾಡುತ್ತವೆ. ಇದಕ್ಕೆ ವಿರುದ್ಧವಾಗಿ, ಗಣಿಯ ಕೆಸರು, ಕಲ್ಲುಪುಡಿ ಹಾಗೂ ಕೊರೆಯುವಾಗ ಹರಿಸಿದ ನೀರು ಹಾಸಿನ ಮೇಲೆ ಉಳಿದಿದ್ದರೆ ಘರ್ಷಣೆ ಬಹಳ ಕುಸಿಯುತ್ತದೆ. ಮಳೆಗಾಲದಲ್ಲಿ ಹೊರೆ ಏರಿಸುವ ಮೊದಲು ಹಾಸನ್ನು ಗುಡಿಸುವುದು ಬಿಗಿಯುವ ಕೆಲಸದ ಒಂದು ಭಾಗವೇ ಆಗಿದೆ.

ಜಾರುವುದಲ್ಲದೆ ಮಗುಚುವ ಅಪಾಯವೂ ಉಂಟು. ದಿಮ್ಮಿಯ ಅರ್ಧ ಅಗಲವನ್ನು ಗುರುತ್ವಕೇಂದ್ರದ ಎತ್ತರದಿಂದ ಭಾಗಿಸಿದಾಗ ಬರುವ ಸಂಖ್ಯೆ 0.5ಕ್ಕಿಂತ ಹೆಚ್ಚಿರಬೇಕು. 1.6 ಮೀಟರ್ ಅಗಲ, 1.5 ಮೀಟರ್ ಎತ್ತರದ ದಿಮ್ಮಿಯಲ್ಲಿ ಇದು 1ಕ್ಕಿಂತ ಹೆಚ್ಚು, ಮಗುಚುವ ಭಯವಿಲ್ಲ. 1.2 ಮೀಟರ್ ಅಗಲ, 2.6 ಮೀಟರ್ ಎತ್ತರವಾಗಿ ನಿಲ್ಲಿಸಿದ ಕಲ್ಲಿನಲ್ಲಿ ಇದು 0.46 ಮಾತ್ರ. ಅಂತಹ ಕಲ್ಲನ್ನು ಮಲಗಿಸಿ ಸಾಗಿಸಬೇಕು, ಇಲ್ಲವೇ ಎರಡೂ ಬದಿಗೆ ಆಸರೆ ಕೊಡಬೇಕು. ಹೊಳಪು ಕೊಟ್ಟ ತೆಳು ಹಲಗೆಗಳನ್ನು ಇಂಗ್ಲಿಷ್ ‘ಎ’ ಅಕ್ಷರದ ಆಕಾರದ ಉಕ್ಕಿನ ಚೌಕಟ್ಟಿಗೆ ಒರಗಿಸಿ ಒಯ್ಯುವುದು ಇದೇ ಕಾರಣಕ್ಕೆ. ಅವುಗಳನ್ನು ಇಳಿಸುವಾಗ ಒಂದು ಬದಿಯದನ್ನೇ ಪೂರ್ತಿ ಖಾಲಿ ಮಾಡಿದರೆ ಚೌಕಟ್ಟು ಮಗುಚಿ ಕೂಲಿಕಾರರ ಮೇಲೆ ಬೀಳುತ್ತದೆ.

ಬಿಗಿಯುವ ಸಾಧನಗಳು

ಕಲ್ಲಿನ ದಿಮ್ಮಿಗೆ ಉಕ್ಕಿನ ಸರಪಳಿಯೇ ಮುಖ್ಯ ಸಾಧನ. ನೈಲಾನ್ ಮತ್ತು ಪಾಲಿಯೆಸ್ಟರ್ ಪಟ್ಟಿಗಳು ಹಗುರವಾಗಿದ್ದು ಬಳಸಲು ಸುಲಭವಾದರೂ, ಸೀಳಿದ ಕಲ್ಲಿನ ಅಂಚು ಅವುಗಳನ್ನು ಗರಗಸದಂತೆ ಕುಯ್ಯುತ್ತದೆ. ಪಟ್ಟಿ ಬಳಸಲೇಬೇಕಾದಲ್ಲಿ ಅಂಚಿಗೆ ಹಳೆಯ ಟೈರಿನ ತುಂಡು ಅಥವಾ ಉಕ್ಕಿನ ಮೂಲೆಗಾಪನ್ನು ಇಡಬೇಕು. ಸರಪಳಿಯನ್ನು ಬಿಗಿಯಲು ಸನ್ನೆಯ ಮಾದರಿಯ ಅಥವಾ ತಿರುಪಿನ ಮಾದರಿಯ ಬೈಂಡರ್‌ಗಳಿವೆ. ಸನ್ನೆಯ ಬೈಂಡರ್ ಬಿಗಿಯಲು ವೇಗ. ಆದರೆ ಬಿಚ್ಚುವಾಗ ಹಿಡಿ ಒದ್ದು ಬಂದು ಕೈ ದವಡೆಗಳನ್ನು ಮುರಿದ ನಿದರ್ಶನಗಳಿರುವುದರಿಂದ ತಿರುಪಿನದೇ ಮೇಲು ಎಂದು ಸುರಕ್ಷತಾ ತಜ್ಞರು ಹೇಳುತ್ತಾರೆ. ಸನ್ನೆಯ ಹಿಡಿಗೆ ಕಬ್ಬಿಣದ ಕೊಳವೆ ಸಿಕ್ಕಿಸಿ ಬಿಗಿಯುವ ಅಭ್ಯಾಸವಂತೂ ಸರಪಳಿಗೂ ಕೆಡುಕು, ಬಿಗಿಯುವವನಿಗೂ ಕೆಡುಕು.

ಪ್ರತಿ ಸರಪಳಿಗೂ ಒಂದು ಸುರಕ್ಷಿತ ಭಾರಮಿತಿ ಇರುತ್ತದೆ. ಅದು ಸರಪಳಿ ತುಂಡಾಗುವ ಬಲದ ಒಂದು ಅಂಶ ಮಾತ್ರ. ಸಾಗಣೆಗೆಂದೇ ತಯಾರಾಗುವ ‘ಗ್ರೇಡ್ 70’ ದರ್ಜೆಯ, ಅಂಗುಲದ ಎಂಟನೇ ಮೂರರಷ್ಟು ದಪ್ಪದ ಸರಪಳಿಗೆ ಈ ಮಿತಿ ಸುಮಾರು 3 ಟನ್. ಬಿಗಿಕಟ್ಟುಗಳ ಒಟ್ಟು ಮಿತಿ ಹೊರೆಯ ತೂಕದ ಅರ್ಧಕ್ಕಿಂತ ಕಡಿಮೆ ಇರಬಾರದು ಎಂದು ಅಮೆರಿಕದ ನಿಯಮ ಹೇಳುತ್ತದೆ. 20 ಟನ್ನಿಗೆ 10 ಟನ್ ಬೇಕು, ಅಂದರೆ ಒಂದು ಬದಿಯಿಂದ ಇನ್ನೊಂದು ಬದಿಗೆ ಹಾಯ್ದ ಕನಿಷ್ಠ 4 ಸರಪಳಿಗಳು. ಕೊಂಡಿ ಸಿಕ್ಕಿಸುವ ಹಾಸಿನ ಕಣ್ಣು ಸರಪಳಿಯಷ್ಟೇ ಗಟ್ಟಿಯಾಗಿರಬೇಕಾದುದು ಸಹಜ. ಗ್ಯಾರೇಜಿನಲ್ಲಿ ಬೆಸೆದ ಅರ್ಧ ಅಂಗುಲದ ಕಂಬಿಯ ಬಳೆಗೆ ಒಳ್ಳೆಯ ಸರಪಳಿ ಕಟ್ಟಿದರೆ ಬಳೆ ಕಿತ್ತುಬರುತ್ತದೆ. ಹಿಗ್ಗಿದ, ತಿರುಚಿದ, ಬೋಲ್ಟು ಹಾಕಿ ಜೋಡಿಸಿದ ಕೊಂಡಿಗಳಿರುವ ಸರಪಳಿಯನ್ನು ಬಿಸಾಡಬೇಕು.

ಸರಪಳಿ ಹಾಸಿನೊಡನೆ ಮಾಡುವ ಕೋನವೂ ಮುಖ್ಯ. ನೆಟ್ಟಗೆ ಇಳಿದ ಸರಪಳಿಯ ಬಿಗಿತವೆಲ್ಲ ಕೆಳಕ್ಕೆ ಒತ್ತಲು ದೊರೆಯುತ್ತದೆ. 60 ಡಿಗ್ರಿಗೆ ಶೇ. 87, 45 ಡಿಗ್ರಿಗೆ ಶೇ. 71, 30 ಡಿಗ್ರಿಗೆ ಕೇವಲ ಶೇ. 50. ಆದ್ದರಿಂದ ತಗ್ಗಾದ ದಿಮ್ಮಿಗೆ ಮೇಲಿನಿಂದ ಕಟ್ಟಿದ ಸರಪಳಿ ಹೆಚ್ಚು ಪ್ರಯೋಜನಕಾರಿಯಲ್ಲ. ಅಲ್ಲಿ ದಿಮ್ಮಿಯ ಮುಂಬದಿಗೆ ಅಡ್ಡವಾಗಿ ಸರಪಳಿ ಹಾಯಿಸಿ ಎರಡೂ ತುದಿಗಳನ್ನು ಹಿಂದಕ್ಕೆ ಎಳೆದು ಕಟ್ಟಬೇಕು. ಹೀಗೆ ಕಟ್ಟಿದ ಸರಪಳಿ ಘರ್ಷಣೆಯನ್ನು ಅವಲಂಬಿಸದೆ ಕಲ್ಲನ್ನು ನೇರವಾಗಿ ಹಿಡಿಯುತ್ತದೆ.

ಕ್ಯಾಬಿನ್ನಿನ ಹಿಂದಿನ ಮುಂಗೋಡೆ ಕಲ್ಲನ್ನು ತಡೆದೀತು ಎಂಬ ನಂಬಿಕೆ ವ್ಯಾಪಕವಾಗಿದೆ. ಯುರೋಪಿನಲ್ಲಿ ಸಾಮಾನ್ಯ ದರ್ಜೆಯ ಮುಂಗೋಡೆಗೆ ನಿಗದಿಯಾದ ಬಲವೇ ಗರಿಷ್ಠ 5 ಟನ್ ಸುಮಾರು. ಮೇಲೆ ಹೇಳಿದ 16 ಟನ್ ಬಲದ ಮುಂದೆ ತೆಳು ತಗಡಿನ ಗೋಡೆ ನಿಲ್ಲುವುದಿಲ್ಲ. ಅದೇ ರೀತಿ, ದಿಮ್ಮಿಯ ಅಡಿಗೆ ಚಿಕ್ಕ ಕಲ್ಲುಗಳನ್ನು ಬೆಣೆಯಾಗಿ ತೂರುವ ಪದ್ಧತಿಯೂ ನಂಬಲರ್ಹವಲ್ಲ. ರಸ್ತೆಯ ಕುಲುಕಾಟಕ್ಕೆ ಅವು ಪುಡಿಯಾಗುತ್ತವೆ ಅಥವಾ ಹಾರಿ ರಸ್ತೆಗೆ ಬೀಳುತ್ತವೆ. ಹಿಂದೆ ಬರುವ ಬೈಕ್ ಸವಾರರಿಗೆ ಅಪಾಯ ತರುತ್ತವೆ. ಬೆಣೆ ಮರದ್ದಾಗಿರಬೇಕು, ಹಾಸಿಗೆ ಮೊಳೆ ಹೊಡೆದಿರಬೇಕು.

ಎಷ್ಟು ಬಿಗಿದರೂ ಮೊದಲ ಕೆಲವು ಕಿಲೋಮೀಟರುಗಳಲ್ಲಿ ಮರದ ಅಡಿಗಟ್ಟು ಅಮುಕಿ, ಸರಪಳಿ ಸಡಿಲವಾಗುತ್ತದೆ. ಹೊರಟ ಮೇಲೆ ಮೊದಲ 50 ಮೈಲಿ, ಅಂದರೆ ಸುಮಾರು 80 ಕಿ.ಮೀ. ಒಳಗೆ ಒಮ್ಮೆ, ಅನಂತರ ಪ್ರತಿ 3 ಗಂಟೆಗೆ ಅಥವಾ 150 ಮೈಲಿಗೆ ಒಮ್ಮೆ ಪರೀಕ್ಷಿಸಬೇಕೆಂಬುದು ಅಮೆರಿಕದ ನಿಯಮ. ಗಣಿಯ ಮಣ್ಣುದಾರಿಯಿಂದ ಹೊರಡುವ ನಮ್ಮ ಲಾರಿಗಳಿಗೆ 80 ಕಿ.ಮೀ. ಬಹಳ ದೂರವಾಯಿತು. ಡಾಂಬರು ರಸ್ತೆ ಸೇರಿದ ಕೂಡಲೇ ಒಮ್ಮೆ ಇಳಿದು ನೋಡುವುದು ಉಚಿತ.

ರಾಮಾಪುರದ ಸುತ್ತಲಿನ ಹಾದಿಗಳು

ರಾಮಾಪುರವು ಹನೂರು ತಾಲ್ಲೂಕಿನ ಹೋಬಳಿ ಕೇಂದ್ರ. ಹನೂರು ಹಿಂದೆ ಕೊಳ್ಳೇಗಾಲ ತಾಲ್ಲೂಕಿಗೆ ಸೇರಿತ್ತು. ಕೊಳ್ಳೇಗಾಲದಿಂದ ಹನೂರಿನ ಮೂಲಕ ರಾಮಾಪುರಕ್ಕೆ ಬರುವ ರಸ್ತೆ ಮುಂದೆ ನಾಲ್‌ರೋಡ್, ಗರಿಕೆಕಂಡಿ ದಾಟಿ ತಮಿಳುನಾಡಿನ ಬರಗೂರು ಬೆಟ್ಟಗಳನ್ನು ಹೊಕ್ಕು ಅಂದಿಯೂರಿಗೆ ಇಳಿಯುತ್ತದೆ. ಹನೂರಿನಿಂದ ಕವಲೊಡೆಯುವ ಇನ್ನೊಂದು ರಸ್ತೆ ಕೌದಳ್ಳಿ, ತಾಳಬೆಟ್ಟಗಳ ಮೂಲಕ ಮಲೆ ಮಹದೇಶ್ವರ ಬೆಟ್ಟವನ್ನು ಏರಿ, ಪಾಲಾರಿನ ಕಡೆಗೆ ಇಳಿದು ಮೆಟ್ಟೂರನ್ನು ಸೇರುತ್ತದೆ. ಮೂರನೆಯದು ಜಿಲ್ಲೆಯ ಮುಖ್ಯ ಹೆದ್ದಾರಿಯಾದ ರಾಷ್ಟ್ರೀಯ ಹೆದ್ದಾರಿ 948. ಹಿಂದೆ 209 ಎಂಬ ಸಂಖ್ಯೆ ಹೊಂದಿದ್ದ ಇದು ಬೆಂಗಳೂರಿನಿಂದ ಕನಕಪುರ, ಮಳವಳ್ಳಿ, ಕೊಳ್ಳೇಗಾಲ, ಯಳಂದೂರು, ಚಾಮರಾಜನಗರಗಳ ಮೂಲಕ ಹಾಸನೂರಿಗೆ ಹೋಗಿ, ದಿಂಬಂ ಘಟ್ಟದ 27 ತಿರುವುಗಳನ್ನು ಇಳಿದು ಸತ್ಯಮಂಗಲ, ಕೊಯಮತ್ತೂರು ತಲುಪುತ್ತದೆ.

ಮೂರೂ ಹಾದಿಗಳು ಅರಣ್ಯವನ್ನು ಹಾಯುತ್ತವೆ. ಬಿಳಿಗಿರಿರಂಗನಾಥಸ್ವಾಮಿ ದೇವಾಲಯ ಹುಲಿ ಸಂರಕ್ಷಿತ ಪ್ರದೇಶ, ಮಲೆ ಮಹದೇಶ್ವರ ವನ್ಯಜೀವಿಧಾಮ ಹಾಗೂ ಸತ್ಯಮಂಗಲ ಹುಲಿ ಸಂರಕ್ಷಿತ ಪ್ರದೇಶಗಳು ಒಂದಕ್ಕೊಂದು ಹೊಂದಿಕೊಂಡಿವೆ. ಮದ್ರಾಸ್ ಉಚ್ಚ ನ್ಯಾಯಾಲಯದ ಆದೇಶದಂತೆ 2022ರ ಫೆಬ್ರವರಿಯಿಂದ ದಿಂಬಂ ಘಟ್ಟದಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧ ಜಾರಿಗೆ ಬಂದಿತು. ಅನಂತರ ಭಾರಿ ವಾಹನಗಳ ಗಾತ್ರ ಹಾಗೂ ತೂಕಕ್ಕೂ ಮಿತಿ ವಿಧಿಸಲಾಯಿತು. ಈ ನಿರ್ಬಂಧ ವನ್ಯಜೀವಿಗಳ ದೃಷ್ಟಿಯಿಂದ ಅವಶ್ಯವಾಗಿದ್ದರೂ, ಚೆಕ್‌ಪೋಸ್ಟ್ ಮುಚ್ಚುವ ಮೊದಲು ಘಟ್ಟ ಇಳಿಯಬೇಕೆಂಬ ಅವಸರವನ್ನು ಚಾಲಕರಲ್ಲಿ ಉಂಟುಮಾಡುತ್ತದೆ ಎಂಬುದನ್ನೂ ಗಮನಿಸಬೇಕು. ಬಾಡಿಗೆಯನ್ನು ಗೊತ್ತುಮಾಡುವವರು ಒಂದು ರಾತ್ರಿಯ ತಂಗುವಿಕೆಯನ್ನು ಲೆಕ್ಕಕ್ಕೆ ಹಿಡಿದರೆ ಈ ಅವಸರಕ್ಕೆ ಕಾರಣವಿರುವುದಿಲ್ಲ.

ಇದೇ ಹೆದ್ದಾರಿಯಲ್ಲಿ ಕಬ್ಬು ತುಂಬಿದ ಲಾರಿಗಳೂ ಓಡಾಡುತ್ತವೆ. ಹಾಸನೂರು ಬಳಿಯ ಕಾರಪಳ್ಳಂ ಚೆಕ್‌ಪೋಸ್ಟ್ ಸುತ್ತ ಆನೆಗಳು ರಸ್ತೆಗೆ ಬಂದು ಕಬ್ಬಿನ ಲಾರಿಗಳನ್ನು ಅಡ್ಡಗಟ್ಟುವುದು ಸುದ್ದಿಯಾಗುತ್ತಲೇ ಇರುತ್ತದೆ. ಮಿತಿಗಿಂತ ಎತ್ತರಕ್ಕೆ ಹೇರಿದ ಕಬ್ಬು ಕಂಬಿಗೋ ಮರದ ಕೊಂಬೆಗೋ ತಾಗಿ ಬೀಳುವುದು, ಬಿದ್ದ ಕಬ್ಬಿಗೆ ಆನೆಗಳು ಒಗ್ಗುವುದು ಇದರ ಮೂಲ. ಸರಿಯಾಗಿ ಬಿಗಿಯದ ಹೊರೆಯ ಪರಿಣಾಮ ಮನುಷ್ಯರಿಗಷ್ಟೇ ಸೀಮಿತವಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಕಿಲ್ಲ. ಆನೆಯ ಹಿಂದೆ ಸಾಲುಗಟ್ಟಿ ನಿಂತ ವಾಹನಗಳಲ್ಲಿ ಕಲ್ಲಿನ ಲಾರಿಯೂ ಇದ್ದರೆ, ಇಳಿಜಾರಿನಲ್ಲಿ ಅದು ಏಕಾಏಕಿ ಬ್ರೇಕ್ ಹಾಕಬೇಕಾಗುತ್ತದೆ.

ಮಹಾಶಿವರಾತ್ರಿ, ಯುಗಾದಿ ಹಾಗೂ ದೀಪಾವಳಿ ಜಾತ್ರೆಗಳ ದಿನಗಳಲ್ಲಿ ಮಾದಪ್ಪನ ಭಕ್ತರು ಕೊಳ್ಳೇಗಾಲ, ಹನೂರು, ಕೌದಳ್ಳಿಗಳ ಮೂಲಕ ಬೆಟ್ಟಕ್ಕೆ ಕಾಲ್ನಡಿಗೆಯಲ್ಲಿ ಹೋಗುತ್ತಾರೆ. ರಾತ್ರಿಯಿಡೀ ರಸ್ತೆಯ ಅಂಚಿನಲ್ಲಿ ಜನ ನಡೆಯುತ್ತಿರುತ್ತಾರೆ. ಆ ದಿನಗಳಲ್ಲಿ ಹನೂರಿನಿಂದಾಚೆಗೆ ಭಾರಿ ಹೊರೆ ಸಾಗಿಸದಿರುವುದೇ ಒಳಿತು.

ತಿರುವು ಮತ್ತು ಇಳಿಜಾರು

ತಿರುವಿನಲ್ಲಿ ಹೊರೆಯನ್ನು ಹೊರಕ್ಕೆ ತಳ್ಳುವ ಬಲವು ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. 15 ಮೀಟರ್ ತ್ರಿಜ್ಯದ ಘಟ್ಟದ ತಿರುವನ್ನು ಗಂಟೆಗೆ 20 ಕಿ.ಮೀ. ವೇಗದಲ್ಲಿ ದಾಟಿದರೆ ಈ ಬಲ ಹೊರೆಯ ತೂಕದ ಶೇ. 21. ಅದೇ ತಿರುವನ್ನು 30 ಕಿ.ಮೀ. ವೇಗದಲ್ಲಿ ದಾಟಿದರೆ ಶೇ. 47. ವೇಗಮಾಪಕದಲ್ಲಿ ಮುಳ್ಳು ಸ್ವಲ್ಪವೇ ಸರಿದಂತೆ ಕಂಡರೂ ಬಲ ಎರಡು ಪಟ್ಟಿಗಿಂತ ಹೆಚ್ಚಾಗಿರುತ್ತದೆ. ಎತ್ತರವಾಗಿ ಹೇರಿದ ಲಾರಿಯಾದರೆ ಹೊರೆ ಜಾರುವ ಮೊದಲೇ ಲಾರಿಯೇ ಮಗುಚಬಹುದು.

ಇಳಿಜಾರಿನಲ್ಲಿ ಬ್ರೇಕ್ ಒತ್ತುತ್ತಲೇ ಇದ್ದರೆ ಡ್ರಮ್ ಮತ್ತು ಲೈನಿಂಗ್ ಕಾದು ಹಿಡಿತ ಕಳೆದುಕೊಳ್ಳುತ್ತವೆ. ಸುಟ್ಟ ವಾಸನೆ ಬಂದಾಗ ಸಾಮಾನ್ಯವಾಗಿ ತಡವಾಗಿರುತ್ತದೆ. ಏರುವಾಗ ಬಳಸಿದ ಗೇರಿನಲ್ಲೇ ಇಳಿಯಬೇಕೆಂಬುದು ಹಳೆಯ ಚಾಲಕರು ಹೇಳಿಕೊಡುವ ಪಾಠ. ಭೌತಶಾಸ್ತ್ರದ ಲೆಕ್ಕವೂ ಅದನ್ನೇ ಸಮರ್ಥಿಸುತ್ತದೆ. ಕೆಳಗಿನ ಗೇರಿನಲ್ಲಿ ಎಂಜಿನ್ನೇ ವೇಗವನ್ನು ತಡೆಯುತ್ತದೆ, ಎಕ್ಸಾಸ್ಟ್ ಬ್ರೇಕ್ ಅದಕ್ಕೆ ನೆರವಾಗುತ್ತದೆ. ಕಾಲಿನ ಬ್ರೇಕ್ ತುರ್ತಿಗೆ ಉಳಿದಿರುತ್ತದೆ. ಡೀಸೆಲ್ ಉಳಿಸಲು ಗೇರನ್ನು ನ್ಯೂಟ್ರಲ್‌ಗೆ ತಂದು ಇಳಿಯುವ ಅಭ್ಯಾಸದಿಂದ ಈ ಎರಡು ನೆರವುಗಳೂ ಒಮ್ಮೆಲೇ ಕೈಬಿಡುತ್ತವೆ. ಉಳಿಯುವ ಡೀಸೆಲ್ ಕೆಲವು ಚಮಚಗಳಷ್ಟಿರಬಹುದು.

ಏರಿನಲ್ಲಿ ಕೆಟ್ಟು ನಿಂತ ಲಾರಿಯ ಚಕ್ರಗಳಿಗೆ ಇಟ್ಟ ಕಲ್ಲುಗಳನ್ನು ಹೊರಡುವಾಗ ರಸ್ತೆಯಲ್ಲೇ ಬಿಟ್ಟುಹೋಗುವುದು ಎಲ್ಲ ಘಟ್ಟಗಳಲ್ಲೂ ಕಾಣುವ ಸಂಗತಿ. ಕತ್ತಲಲ್ಲಿ ಬರುವ ದ್ವಿಚಕ್ರ ಸವಾರನಿಗೆ ಅದು ಕಾಣುವುದಿಲ್ಲ. ಹಗ್ಗ ಕಟ್ಟಿದ ಮರದ ಬೆಣೆಯನ್ನು ಲಾರಿಯಲ್ಲೇ ಇಟ್ಟುಕೊಂಡರೆ ಅದನ್ನು ಎಳೆದು ಮರಳಿ ಪಡೆಯಬಹುದು.

ಹೊರೆ ಏರಿಸುವ ಮತ್ತು ಇಳಿಸುವ ಹಂತ

ಗಣಿಯಲ್ಲಿ ದಿಮ್ಮಿಗಳನ್ನು ಕ್ರೇನ್ ಅಥವಾ ಹಿಟಾಚಿ ಯಂತ್ರದಿಂದ ಏರಿಸುತ್ತಾರೆ. ಈ ಹೊತ್ತಿನಲ್ಲಿ ಚಾಲಕ ಕ್ಯಾಬಿನ್‌ನೊಳಗೆ ಕುಳಿತಿರುವುದಾಗಲಿ, ಕ್ಲೀನರ್ ಹಾಸಿನ ಮೇಲೆ ನಿಂತು ಕೈಯಿಂದ ಕಲ್ಲನ್ನು ತಿರುಗಿಸುವುದಾಗಲಿ ಕೂಡದು. ತೂಗುವ ಕಲ್ಲನ್ನು ಉದ್ದನೆಯ ಹಗ್ಗದಿಂದ ದೂರದಲ್ಲಿ ನಿಂತು ನಿಯಂತ್ರಿಸಬೇಕು. ಸೀಳುವಾಗ ಉಂಟಾದ ಕಣ್ಣಿಗೆ ಕಾಣದ ಬಿರುಕುಗಳು ದಿಮ್ಮಿಯಲ್ಲಿ ಇರಬಹುದಾದ್ದರಿಂದ, ಎತ್ತಿದ ಕೂಡಲೇ ತುಂಡಾಗಿ ಬೀಳುವ ಸಂಭವವೂ ಇದೆ. ಇಳಿಸುವ ಮೊದಲು ಸರಪಳಿ ಬಿಚ್ಚುವವನು ದಿಮ್ಮಿ ಪ್ರಯಾಣದಲ್ಲಿ ಸರಿದಿದೆಯೇ ಎಂದು ನೋಡಿಕೊಳ್ಳಬೇಕು. ಸರಿದ ದಿಮ್ಮಿಯನ್ನು ಹಿಡಿದಿರುವುದು ಆ ಸರಪಳಿ ಮಾತ್ರವೇ ಆಗಿರಬಹುದು.

ಹೊರೆಯ ಮೇಲೆ ಅಥವಾ ಪಕ್ಕದಲ್ಲಿ ಕೂಲಿಕಾರರನ್ನು ಕೂರಿಸಿಕೊಂಡು ಬರುವುದು ಕಾನೂನುಬಾಹಿರ. ಸಂಜೆ ಬಸ್ಸಿಲ್ಲದ ಊರುಗಳಲ್ಲಿ ಇದು ನಿಂತಿಲ್ಲ.

ಚಾಲಕರ ದುಡಿಮೆ

1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯು ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆಗಳ ದುಡಿಮೆಯ ಮಿತಿಯನ್ನು ಹಾಕಿತು. ಸತತ 5 ಗಂಟೆಗಳ ಬಳಿಕ ಕನಿಷ್ಠ ಅರ್ಧ ಗಂಟೆಯ ಬಿಡುವನ್ನೂ ಕಡ್ಡಾಯಗೊಳಿಸಿತು. 1988ರ ಮೋಟಾರು ವಾಹನಗಳ ಕಾಯ್ದೆಯ 91ನೇ ಪ್ರಕರಣ ಈ ಮಿತಿಯನ್ನು ಚಾಲಕರಿಗೆ ಅನ್ವಯಿಸುತ್ತದೆ. ಒಂದೆರಡು ಲಾರಿಗಳ ಮಾಲೀಕರ ಬಳಿ ಟ್ರಿಪ್ಪಿನ ಲೆಕ್ಕದಲ್ಲಿ ದುಡಿಯುವ ಚಾಲಕರ ಮಟ್ಟಿಗೆ ಇದು ಬಹುತೇಕ ಪುಸ್ತಕದ ಮಾತಾಗಿಯೇ ಉಳಿದಿದೆ. ಟ್ರಿಪ್ಪಿಗೆ ಕೂಲಿ ಕೊಡುವ ಪದ್ಧತಿಯಲ್ಲಿ, ಸರಪಳಿ ಬಿಗಿಯಲು ಕಳೆಯುವ ಅರ್ಧ ಗಂಟೆಗೆ ಯಾರೂ ಕೂಲಿ ಕೊಡುವುದಿಲ್ಲ. ಸರಪಳಿಯ ಖರ್ಚು ಮಾಲೀಕನದೋ ಚಾಲಕನದೋ ಎಂಬುದೂ ಅನೇಕ ಕಡೆ ಅಸ್ಪಷ್ಟ. ಹೊರೆ ಬಿಗಿಯುವಿಕೆಯ ಸಮಸ್ಯೆಯನ್ನು ಚಾಲಕರ ಅಜಾಗರೂಕತೆ ಎಂದಷ್ಟೇ ನೋಡುವವರು ಈ ಆರ್ಥಿಕ ಮುಖವನ್ನು ಮರೆಯುತ್ತಾರೆ.

ಬೇಸಿಗೆಯಲ್ಲಿ ಎಂಜಿನ್ನಿನ ಬಿಸಿಯೂ ಸೇರಿ ಕ್ಯಾಬಿನ್ ಒಳಗೆ ತಾಪ ಹೊರಗಿಗಿಂತ ಹೆಚ್ಚಿರುತ್ತದೆ. 2025ರ ಅಕ್ಟೋಬರ್ 1ರಿಂದ ತಯಾರಾಗುವ ಮಧ್ಯಮ ಹಾಗೂ ಭಾರಿ ಲಾರಿಗಳ ಕ್ಯಾಬಿನ್‌ಗೆ ಹವಾನಿಯಂತ್ರಣ ಕಡ್ಡಾಯವಾಗಿದೆ. ಹಳೆಯ ಲಾರಿಗಳಿಗೆ ಈ ನಿಯಮ ಅನ್ವಯಿಸುವುದಿಲ್ಲ.

ಕಾನೂನು

ಗಣಿಯಿಂದ ಖನಿಜ ಹೊರಡಲು 1994ರ ಕರ್ನಾಟಕ ಉಪಖನಿಜ ರಿಯಾಯಿತಿ ನಿಯಮಗಳ ಅಡಿಯಲ್ಲಿ ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಪರವಾನಗಿ ಬೇಕು. ಲಾರಿಯ ಒಟ್ಟು ತೂಕವನ್ನು ಮೋಟಾರು ವಾಹನಗಳ ಕಾಯ್ದೆಯ 113ನೇ ಪ್ರಕರಣ ನಿಯಂತ್ರಿಸುತ್ತದೆ. 2018ರ ಜುಲೈನಲ್ಲಿ ಕೇಂದ್ರ ಸರ್ಕಾರ ಆಕ್ಸಲ್ ಭಾರದ ಮಿತಿಯನ್ನು ಏರಿಸಿತು: ನಾಲ್ಕು ಟೈರಿನ ಒಂಟಿ ಆಕ್ಸಲ್‌ಗೆ 10.2ರಿಂದ 11.5 ಟನ್, ಜೋಡಿ ಆಕ್ಸಲ್‌ಗೆ 19ರಿಂದ 21 ಟನ್, ವಾಹನದ ಗರಿಷ್ಠ ಒಟ್ಟು ತೂಕಕ್ಕೆ 49ರಿಂದ 55 ಟನ್. ಆಕ್ಸಲ್ ಮಿತಿ ಏರಿತೆಂದು ಹಳೆಯ ಲಾರಿಯ ಬ್ರೇಕು ಗಟ್ಟಿಯಾಗುವುದಿಲ್ಲ ಎಂಬುದು ಬೇರೆ ಮಾತು.

2019ರ ತಿದ್ದುಪಡಿಯ ಬಳಿಕ 194ನೇ ಪ್ರಕರಣದ ಪ್ರಕಾರ ಮಿತಿಮೀರಿದ ಭಾರಕ್ಕೆ 20,000 ರೂಪಾಯಿ ಹಾಗೂ ಹೆಚ್ಚುವರಿ ಪ್ರತಿ ಟನ್ನಿಗೆ 2,000 ರೂಪಾಯಿ ದಂಡವಿದೆ. ಹೊರೆಯು ಲಾರಿಯ ಬದಿ, ಮುಂದೆ, ಹಿಂದೆ ಅಥವಾ ಎತ್ತರದಲ್ಲಿ ಮಿತಿಮೀರಿ ಚಾಚಿದ್ದರೆ 20,000 ರೂಪಾಯಿ. ಎರಡೂ ಸಂದರ್ಭಗಳಲ್ಲಿ ಹೆಚ್ಚುವರಿ ಹೊರೆಯನ್ನು ಇಳಿಸುವ ಖರ್ಚನ್ನೂ ಭರಿಸಬೇಕು. ಒಂದೇ ದಿಮ್ಮಿಯಲ್ಲಿ ಹೆಚ್ಚುವರಿ ಭಾಗವನ್ನು ಇಳಿಸುವುದು ಹೇಗೆ ಎಂಬ ಪ್ರಶ್ನೆಗೆ ಉತ್ತರ ಒಂದೇ, ಏರಿಸುವ ಮೊದಲೇ ತೂಗಬೇಕು. ಕಬ್ಬಿಣದ ಸರಳುಗಳು ಹಿಂದಕ್ಕೆ ಒಂದು ಮೀಟರ್‌ವರೆಗೆ ಚಾಚಿಕೊಂಡಿರಲು ಹಿಂದೆ ಇದ್ದ ಅವಕಾಶವನ್ನು 2014ರಲ್ಲಿ ತೆಗೆದುಹಾಕಲಾಯಿತು. ತೂಕ ಮತ್ತು ಅಳತೆಯ ವಿಷಯದಲ್ಲಿ ಇಷ್ಟು ಖಚಿತವಾಗಿರುವ ಕಾಯ್ದೆಯು, ಯಾವ ತೂಕಕ್ಕೆ ಎಷ್ಟು ಸರಪಳಿ ಎಂಬುದನ್ನು ಅಮೆರಿಕದ ನಿಯಮಗಳಂತೆ ಲೆಕ್ಕ ಕೊಟ್ಟು ಹೇಳುವುದಿಲ್ಲ. ತಪಾಸಣೆಯ ಗಮನ ತೂಕದ ಚೀಟಿಯ ಮೇಲೆ ನಿಂತು, ಬಿಗಿತದ ಕಡೆಗೆ ಹರಿಯದಿರುವುದಕ್ಕೆ ಇದೂ ಒಂದು ಕಾರಣವಿರಬೇಕು.

ಮಹಾಶಿಲೆಗಳ ಸಾಗಣೆ

ಭಾರಿ ಕಲ್ಲನ್ನು ಸುರಕ್ಷಿತವಾಗಿ ಸಾಗಿಸಿದ ಪರಂಪರೆ ಕನ್ನಡ ನಾಡಿಗೆ ಹೊಸದಲ್ಲ. ಶ್ರವಣಬೆಳಗೊಳದ ಗೊಮ್ಮಟ ನಿಂತ ಬೆಟ್ಟದಲ್ಲೇ ಕಡೆದದ್ದು. ಕಾರ್ಕಳದ ಗೊಮ್ಮಟನನ್ನು ಬೇರೆಡೆ ಕಡೆದು, ಅನೇಕ ಚಕ್ರಗಳ ಬಂಡಿಯಲ್ಲಿ ಬೆಟ್ಟಕ್ಕೆ ಏರಿಸಿ 1432ರಲ್ಲಿ ಸ್ಥಾಪಿಸಲಾಯಿತು. ಕವಿ ಚಂದ್ರಮನ ‘ಕಾರ್ಕಳದ ಗೊಮ್ಮಟೇಶ್ವರ ಚರಿತೆ’ಯಲ್ಲಿ ಈ ಸಾಗಣೆಯ ವರ್ಣನೆಯಿದೆ. ರೆಂಜಾಳ ಗೋಪಾಲ ಶೆಣೈಯವರು ಕಾರ್ಕಳದಲ್ಲಿ ಕಡೆದ 39 ಅಡಿಯ ಬಾಹುಬಲಿ ಮೂರ್ತಿಯನ್ನು 1973ರಲ್ಲಿ ಬಹುಚಕ್ರಗಳ ಟ್ರಾಲಿಯ ಮೇಲೆ ಧರ್ಮಸ್ಥಳಕ್ಕೆ ಒಯ್ಯಲಾಯಿತು.

ಇತ್ತೀಚಿನ ಉದಾಹರಣೆ ಬೆಂಗಳೂರಿನ ಈಜಿಪುರದ ಕೋದಂಡರಾಮಸ್ವಾಮಿ ದೇವಾಲಯಕ್ಕೆ ತಂದ ವಿಷ್ಣುಮೂರ್ತಿಯ ಏಕಶಿಲೆ. ತಮಿಳುನಾಡಿನ ತಿರುವಣ್ಣಾಮಲೈ ಜಿಲ್ಲೆಯಿಂದ 2018ರ ಕೊನೆಯಲ್ಲಿ 240 ಚಕ್ರಗಳ ಟ್ರೈಲರ್ ಮೇಲೆ ಹೊರಟ ಇದು ಕಿರಿದಾದ ಬೀದಿಗಳಲ್ಲೂ ಸೇತುವೆಗಳ ಬಳಿಯೂ ತಡೆದು ತಡೆದು ಸಾಗಿ 2019ರ ಜೂನ್‌ನಲ್ಲಿ ಬೆಂಗಳೂರು ಸೇರಿತು. ಮೈಸೂರಿನ ಶಿಲ್ಪಿ ಅರುಣ್ ಯೋಗಿರಾಜ್ ಅವರ ನೇತೃತ್ವದಲ್ಲಿ ದೆಹಲಿಯ ಇಂಡಿಯಾ ಗೇಟ್ ಬಳಿಯ ನೇತಾಜಿ ಪ್ರತಿಮೆಗೆ ಬಳಸಿದ 280 ಟನ್ನಿನ ಕರಿಶಿಲೆಯು ತೆಲಂಗಾಣದ ಖಮ್ಮಂನಿಂದ 140 ಚಕ್ರಗಳ, 100 ಅಡಿ ಉದ್ದದ ವಾಹನದಲ್ಲಿ 1,665 ಕಿ.ಮೀ. ಪಯಣಿಸಿತು. ಇಂತಹ ಸಾಗಣೆಗಳಿಗೆ ಮುಂಚಿತವಾಗಿ ರಸ್ತೆಯ ಸಮೀಕ್ಷೆ, ವಿಶೇಷ ಅನುಮತಿ, ಬೆಂಗಾವಲು ವಾಹನಗಳು ಎಲ್ಲವೂ ಇರುತ್ತವೆ. 20 ಟನ್ನಿನ ಸಾಮಾನ್ಯ ದಿಮ್ಮಿಗೆ ಚಾಲಕ ಮತ್ತು ಕ್ಲೀನರ್ ಇಬ್ಬರೇ.

ಅಪಘಾತದ ಬಳಿಕ

ಹೊರೆ ಜಾರಿದಾಗ ಅಥವಾ ಲಾರಿ ಮಗುಚಿದಾಗ ಮೊದಲು 112 ಅಥವಾ ಆಂಬುಲೆನ್ಸ್‌ಗೆ 108 ಸಂಖ್ಯೆಗೆ ಕರೆ ಮಾಡಬೇಕು. ಕಾಯ್ದೆಯ 134ನೇ ಪ್ರಕರಣದಂತೆ ಗಾಯಾಳುವಿಗೆ ವೈದ್ಯಕೀಯ ನೆರವು ಒದಗಿಸುವುದು ಚಾಲಕನ ಕರ್ತವ್ಯ. ಗುಂಪಿನ ಕೋಪದಿಂದ ಪ್ರಾಣಭಯವಿದ್ದರೆ ಇದಕ್ಕೆ ವಿನಾಯಿತಿ ಇದೆ. ನೆರವಿಗೆ ಬಂದ ಸಾರ್ವಜನಿಕರಿಗೆ 134ಎ ಪ್ರಕರಣ ಕಾನೂನಿನ ರಕ್ಷಣೆ ನೀಡುತ್ತದೆ. 2025ರ ಮೇ ತಿಂಗಳಿಂದ ಜಾರಿಗೆ ಬಂದ ಕೇಂದ್ರದ ಯೋಜನೆಯಂತೆ ರಸ್ತೆ ಅಪಘಾತದ ಗಾಯಾಳುಗಳಿಗೆ ನಿಯೋಜಿತ ಆಸ್ಪತ್ರೆಗಳಲ್ಲಿ 7 ದಿನಗಳವರೆಗೆ 1.5 ಲಕ್ಷ ರೂಪಾಯಿ ಮಿತಿಯ ನಗದುರಹಿತ ಚಿಕಿತ್ಸೆ ದೊರೆಯುತ್ತದೆ. ಗಾಯಗೊಂಡ ಲಾರಿ ಚಾಲಕ ಮತ್ತು ಕ್ಲೀನರ್ ಕೂಡ ಇದಕ್ಕೆ ಅರ್ಹರು. ಕ್ಯಾಬಿನ್ ಮೇಲೆ ಬಿದ್ದ ದಿಮ್ಮಿಯನ್ನು ಜೆಸಿಬಿಯಿಂದ ತಳ್ಳಿ ಸರಿಸುವ ಪ್ರಯತ್ನ ಒಳಗಿರುವವರಿಗೆ ಇನ್ನಷ್ಟು ಹಾನಿ ಮಾಡುತ್ತದೆ. ಕ್ರೇನ್ ಬರುವವರೆಗೆ ದಿಮ್ಮಿ ಅಲುಗದಂತೆ ಎರಡೂ ಬದಿಗೆ ಮರದ ತೊಲೆಗಳ ಆಸರೆ ಕೊಡಬೇಕು.